ಹನ್ನೊಂದು ಎಲೆ

ದುಡ್ಡು ಬೇಡ ಎಂದ ಇದಿನಬ್ಬ.
ಸರ್ವಿಸ್ ಬಸ್‌ಸ್ಟ್ಯಾಂಡಿನ ಹಿಂದೆ, ಓಣಿಯಲ್ಲಿ,
ಗಾಜಿನ ತೊಟ್ಟಿಗಳ ನಡುವೆ ಕುಕ್ಕರಗಾಲಲ್ಲಿ ಕೂತು
ಚಹಾ ಸೋಸುವ ಜಾಲರಿಯಿಂದ ಚಿಟಿಕೆ ಹಸಿರು ಎತ್ತಿ
ಔಷಧಿ ಬಾಟಲಿಯ ಮುಚ್ಚಳಕ್ಕೆ ಹಾಕಿದ.
"ಹೆಸರೇನು ಇದಕ್ಕೆ?"
"ಹೆಸರಿಡುವಷ್ಟು ಹೊತ್ತು ಇದು ಒಂದೇ ಆಗಿ ಇರುವುದಿಲ್ಲ, ಅಕ್ಕ.
ಹದಿನೈದು ದಿನ ಬಿಟ್ಟು ನೀವೇ ಬರ್ತೀರಿ,
ಬೇಕು ಅಂತ ಅಲ್ಲ, ಸಾಕು ಅಂತ."

ಎಣಿಸಿದೆ. ಹನ್ನೊಂದು ಎಲೆ.
ಎಳ್ಳಿಗಿಂತ ತುಸು ಅಗಲ, ಉದ್ದಿನಬೇಳೆಗಿಂತ ತೆಳು,
ಕೆಳಗೆ ಒಂದೊಂದೇ ಬೇರು,
ದಾರ ಪೋಣಿಸಿ ಮರೆತ ಸೂಜಿಯ ಹಾಗೆ.

ಎಣಿಸುವುದು ನನ್ನ ಹೊಟ್ಟೆಪಾಡು.
ಮಲ್ಪೆಯ ಐಸ್‌ಪ್ಲಾಂಟಿನಲ್ಲಿ
ಬೋಟಿಗೆಷ್ಟು ಗಡ್ಡೆ, ಲಾರಿಗೆಷ್ಟು,
ದಕ್ಕೆಯ ದಾರಿಯಲ್ಲಿ ನೀರಾಗಿ ಹೋದದ್ದೆಷ್ಟು;
ಹತ್ತೊಂಬತ್ತು ವರ್ಷ ಕರಗುವುದರ ಲೆಕ್ಕ ಬರೆದ ಕೈ.
ಬೂತಾಯಿಯ, ಬಂಗುಡೆಯ ಕಣ್ಣು ನೋಡಿ ನೋಡಿ
ಮನೆಯಲ್ಲಾದರೂ ನಾಲ್ಕು ಜೀವ ಈಜಲಿ ಎಂದು
ಕಿಟಕಿಯ ಬಳಿ ಒಂದು ತೊಟ್ಟಿ ಇಟ್ಟಿದ್ದೆ.

ಬಿಲ್ಲು ಪುಸ್ತಕದ ಹಿಂದಿನ ಹಾಳೆ:
ಸೋಮವಾರ ಹನ್ನೊಂದು.
ಬುಧವಾರ ಇಪ್ಪತ್ತೆರಡು, ಒಂದು ಅನುಮಾನ.
ಶನಿವಾರ ಎಣಿಸುತ್ತಿದ್ದ ಹಾಗೆ
ಎಣಿಸಿ ಬಿಟ್ಟ ಎಲೆಯ ಬದಿಯಿಂದ ಮರಿ ಎಲೆ ಇಣುಕಿ
ಪೆನ್ನು ಕೆಳಗಿಟ್ಟೆ.
ಮಣ್ಣು ಕೇಳಲಿಲ್ಲ, ಆರೈಕೆ ಕೇಳಲಿಲ್ಲ.
ಬೆಳಗ್ಗೆ ಎರಡು ಗಂಟೆ ಬಿಸಿಲು, ಮೀನು ಮಾಡಿದ ಹೊಲಸು,
ಅಷ್ಟೇ ಸಂಬಳ.

ಮೂರನೇ ವಾರ ತೊಟ್ಟಿಗೆ ಹಸಿರು ಚಾಪೆ ಹಾಸಿತ್ತು.
ಬದಿಯಿಂದ ನೋಡಿದರೆ ಕತ್ತಲೆ,
ಕತ್ತಲೆಯಲ್ಲಿ ಒಂದು ಕಿತ್ತಳೆ ಬಾಲ
ದೂರದಲ್ಲಿ ಯಾರೋ ಬೀಡಿ ಸೇದಿಕೊಂಡು ಹೋದಂತೆ.

ತೆಗೆದೆ. ಹಂಚಿದೆ.
ಮೇಲಿನ ಮನೆಯ ವಾಮನ ಮಾಸ್ಟ್ರಿಗೆ ಒಂದು ಲೋಟ,
ಲಾರಿಯ ಲಿಯಾಂಡರನ ಮಗನಿಗೆ ಹಾರ್ಲಿಕ್ಸ್ ಬಾಟಲಿ ತುಂಬ.
ಮರುವಾರ ಮಾಸ್ಟ್ರು ನನ್ನನ್ನು ಕಂಡು
ಕಾಲಲ್ಲಿದ್ದ ಚಪ್ಪಲಿಯನ್ನೇ ಹುಡುಕತೊಡಗಿದರು,
ಹಲಸಿನ ಕಾಲದಲ್ಲಿ ಹಲಸು ಹೊತ್ತು ಬಂದವರನ್ನು ಕಂಡ ಹಾಗೆ.

ಒಂದು ರಾತ್ರಿ ಇಂದ್ರಾಣಿ ತೋಡಿಗೆ ಚೆಲ್ಲಲು ಹೋದೆ,
ಸುಳ್ಳು ಯಾಕೆ ಹೇಳಲಿ.
ಬಕೆಟ್ಟು ಬಗ್ಗಿಸಿದ್ದೆ ಕೂಡ.
ಹನ್ನೊಂದು ನೆನಪಾಯಿತು.
ಅಲ್ಲಿಂದ ಕಲ್ಮಾಡಿಯ ಹೊಳೆಯವರೆಗೆ ಮನಸ್ಸಿನಲ್ಲೇ ಗುಣಿಸಿ
ಹೊತ್ತದ್ದನ್ನು ಹೊತ್ತುಕೊಂಡೇ ಬಂದೆ.

"ಹಿಂಡಿಗೆ ಈಗ ಚಿನ್ನದ ರೇಟು," ಎಂದರು
ಹಿಂದಿನ ಮನೆಯ ಬೆನಡಿಕ್ಟಾ ಬಾಯಿ,
"ತಾ ಇಲ್ಲಿ, ಮಲ್ಲಿಗೆಯ ಬುಡಕ್ಕೆ ಹಾಕ್ತೇನೆ."
ಅಲ್ಲಿಂದ ಪ್ರತಿ ಆದಿತ್ಯವಾರ, ಇಗರ್ಜಿಯಿಂದ ಬಂದವರೇ
ಕರಿಮಣಿ ಸರಿಸಿಕೊಂಡು ಬೇಲಿಯಾಚೆಯಿಂದ ಕೂಗು:
"ಎಲ್ಲಿ ನಿನ್ನ ಕಸ?"
ಬದಲಿಗೆ ಬಾಳೆನಾರಿನಲ್ಲಿ ಕಟ್ಟಿದ ಗೇಣುದ್ದ ಹೂ.
ಚೆಂಡಿನ ರೇಟು ಏರಿದ ವಾರ ಗೇಣು ಸ್ವಲ್ಪ ಸಣ್ಣದು.

ಮೊನ್ನೆ ಜಾಲರಿ ಎತ್ತಿದಾಗ ಬೇರುಗಳ ಮಧ್ಯೆ
ರೆಪ್ಪೆಗೂದಲಿನಷ್ಟು ಏನೋ ಮಿಡುಕಿತು.
ಅದಕ್ಕೆ ಎರಡು ಕಣ್ಣಿತ್ತು.
ಹೆತ್ತವರೇ ನುಂಗುವ ಜಾತಿ ಇದು;
ನಾನು ಬೈಯುತ್ತಿದ್ದ ಕತ್ತಲೆಯಲ್ಲಿ
ಏಳು ಮರಿ ಅಡಗಿ ಬೆಳೆಯುತ್ತಿದ್ದವು.
ಹಿಂದಿನ ಬಕೆಟ್ಟುಗಳಲ್ಲಿ ಎಷ್ಟು ಹೋದವೋ
ಮಲ್ಲಿಗೆಯ ಬುಡಕ್ಕೆ.
ಆ ಲೆಕ್ಕ ಯಾವ ಹಾಳೆಯಲ್ಲೂ ಇಲ್ಲ.
ಈಗ ಹಿಡಿ ಹಿಡಿಯನ್ನೂ ಸ್ಟೀಲಿನ ಬಟ್ಟಲಲ್ಲಿ ಹರಡಿ
ಅಕ್ಕಿಯ ಕಲ್ಲು ಹೆಕ್ಕಿದ ಹಾಗೆ ಹೆಕ್ಕುತ್ತೇನೆ,
ಮಲ್ಪೆಯ ಏಳೂಕಾಲರ ಬಸ್ಸು ತಪ್ಪುತ್ತದೆ.

ಇವತ್ತು ಬಿಲ್ಲು ಹರಿಯುವಾಗ ಲೋಡಿನ ಹುಡುಗ ಹೇಳಿದ,
"ಅಕ್ಕಾ, ಕೈಗೆ ಏನೋ ಅಂಟಿದೆ."
ಮಣಿಕಟ್ಟಿನ ಮೇಲೆ ಒಂದು ಎಲೆ, ಇನ್ನೂ ಹಸಿ.
ಉಗುರಿನಿಂದ ಎತ್ತಿದೆ, ಕಿಟಕಿಯ ಹೊರಗೆ ಕೈ ಚಾಚಿದೆ.
ಮೇಜಿನ ಮೇಲೆ ನಾನು ಕುಡಿಯುವ
ಲೋಟದ ನೀರು.